ಎಡರೆಕ್ಕೆಯ ನಂಬರು

ರೆಕ್ಕೆ ಮೊದಲು ಬಿದ್ದಿತ್ತು. ವಿಮಾನ ಆಮೇಲೆ.

ವಿಮಾನ ಬಿದ್ದದ್ದು ಗುಡ್ಡದ ಆಚೆ ಮಗ್ಗುಲಲ್ಲಿ, ಹೊತ್ತಿ ಉರಿಯುತ್ತಿದ್ದ ಕಾಡಿನ ಅಂಚಿಗೆ. ಅಲ್ಲಿ ನೋಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಎಡರೆಕ್ಕೆ ಮಾತ್ರ ಈಚೆಗಿನ ಬೀಳು ಹೊಲದಲ್ಲಿ ಬಿದ್ದಿತ್ತು. ಬುಡದಲ್ಲಿ ಕಬ್ಬಿನ ಜಲ್ಲೆಯ ಹಾಗೆ ಸಿಗಿದುಕೊಂಡು ಮುರಿದಿತ್ತು. ಉಳಿದಂತೆ ಸರಿಯಾಗಿಯೇ ಇತ್ತು. ಬೆಂಕಿ ಅದನ್ನು ಮುಟ್ಟಿರಲಿಲ್ಲ.

ಇನ್‌ಸ್ಪೆಕ್ಟರ್ ರೆಕ್ಕೆಗೆ ಒಂದು ಸುತ್ತು ಹಾಕಿದಳು. ವಿಮಾನ ಅಪಘಾತದ ತನಿಖೆ ಅವಳದಲ್ಲ. ಅದಕ್ಕೆ ರಾಜಧಾನಿಯಿಂದ ತಜ್ಞರು ಬರುವವರಿದ್ದರು. ಅವರು ಬರುವವರೆಗೆ ಜನ ಮುಟ್ಟದಂತೆ ಕಾಯುವುದಷ್ಟೇ ಅವಳ ಪಾಲಿನ ಕೆಲಸ.

ಆದರೆ ಅವಳೂ ಅವಳ ದಫೇದಾರನೂ ವರ್ಷಗಟ್ಟಲೆ ವಾಹನ ಕಳ್ಳತನದ ವಿಭಾಗದಲ್ಲಿ ಸವೆದವರು. ಕದ್ದ ಗಾಡಿಗಳ ಚಾಸಿ ನಂಬರು ಹುಡುಕಿ ಹುಡುಕಿ ಇಬ್ಬರ ಕಣ್ಣಿಗೂ ಅದೇ ಚಟ. ದಫೇದಾರ ಮದುವೆ ಮನೆಗೆ ಹೋದರೂ ಮೊದಲು ನೋಡುವುದು ಹೊರಗೆ ನಿಂತ ಕಾರುಗಳನ್ನು, ಆಮೇಲೆ ಹೆಣ್ಣುಗಂಡನ್ನು.

ಅವನು ಮಂಡಿ ಹಿಡಿದುಕೊಂಡು ಬಗ್ಗಿ ರೆಕ್ಕೆಯ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟ.

“ಮೇಡಂ, ಸ್ವಲ್ಪ ಬನ್ನಿ. ನಮ್ಮ ಹಳೇ ನೆಂಟ ಸಿಕ್ಕಿದಾನೆ.”

ಚಕ್ರ ಮಡಚಿಕೊಂಡು ಕೂರುವ ಗೂಡು ಅದು. ಒಳಗೋಡೆಯ ಬೂದು ಬಣ್ಣ ಹಳೆಯದು. ಪದರದ ಮೇಲೆ ಪದರ ಬಳಿದು ದಪ್ಪಗಾಗಿ ಬಿರುಕು ಬಿಟ್ಟಿತ್ತು. ಅಂಗೈಯಗಲ ಜಾಗ ಮಾತ್ರ ನುಣ್ಣಗಿತ್ತು. ಅಲ್ಲಿನ ಬಣ್ಣ ಹೊಸದು. ಇನ್‌ಸ್ಪೆಕ್ಟರ್ ಉಗುರಿನಿಂದ ಕೆರೆದಳು. ಕೆಳಗೆ ಗ್ರೈಂಡರ್ ಎಳೆದ ಗೆರೆಗಳು ಹೊಳೆದವು.

“ನಂಬರ್ ಉಜ್ಜಿದಾರೆ,” ಎಂದಳು.

“ಗಾಡಿ ಆಗಿದ್ರೆ ನಾನೂ ಹಾಗೇ ಅಂತಿದ್ದೆ. ರೆಕ್ಕೆಗೂ ನಂಬರ್ ಇರುತ್ತಾ?”

“ಇದೆಯಲ್ಲ, ನೋಡಿ.”

ರೆಕ್ಕೆಯ ಬುಡದಲ್ಲಿ, ಹೊರಗೆ ಕಾಣುವಂತೆ, ಒಂದು ಸಣ್ಣ ಲೋಹದ ಪಟ್ಟಿ. 417. ನಾಲ್ಕು ಮೂಲೆಗೂ ರಿವೆಟ್. ಪಟ್ಟಿ ಹಳೆಯದು, ಮಾಸಿತ್ತು. ರಿವೆಟ್‌ಗಳ ತಲೆಗಳು ಮಾತ್ರ ಹೊಸ ನಾಣ್ಯದಂತೆ ಮಿನುಗುತ್ತಿದ್ದವು.

ದಫೇದಾರ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಇದು ಅಪಘಾತ ಅಲ್ಲ ಮೇಡಂ.”

“ಅಪಘಾತವೇ. ಯಾರೋ ಮಾಡಿಟ್ಟ ಅಪಘಾತ.”

* * *

ವಿಮಾನ ಒಂದು ಕಾಲಕ್ಕೆ ಸೇನೆಯದು. ಒಬ್ಬನೇ ಕೂರುವ, ಮೂತಿಯಲ್ಲಿ ಪ್ರೊಪೆಲ್ಲರ್ ತಿರುಗುವ ದಾಳಿ ವಿಮಾನ. ಹಿಂದಿನ ಗಡಿ ಯುದ್ಧದಲ್ಲಿ ಬಾಂಬು ಹೊತ್ತಿತ್ತು. ಸೇನೆ ನಿವೃತ್ತಿ ಕೊಟ್ಟ ಮೇಲೆ ಬಾಂಬಿನ ಜಾಗಕ್ಕೆ ನೀರಿನ ತೊಟ್ಟಿ ಕೂರಿಸಿ, ಬೇಸಿಗೆಯಲ್ಲಿ ಕಾಡಿನ ಬೆಂಕಿ ಆರಿಸಲು ಬಳಸುತ್ತಿದ್ದರು. ಅದನ್ನು ತಯಾರಿಸಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಒಂದು ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ವಿಮಾನದಿಂದಲೇ ಕಿತ್ತು ತರಬೇಕು.

ವಿಮಾನ ಹಾರಿಸುತ್ತಿದ್ದ ಖಾಸಗಿ ಸಂಸ್ಥೆಯ ಒಡೆಯರನ್ನು ಊರೆಲ್ಲ ‘ಕ್ಯಾಪ್ಟನ್’ ಎನ್ನುತ್ತಿತ್ತು. ಇದೇ ಜಾತಿಯ ವಿಮಾನದಲ್ಲಿ ಶತ್ರುವಿನ ಸೇತುವೆಯ ಮೇಲೆ ನೆಟ್ಟಗೆ ಇಳಿದು, ಬಾಂಬು ಹಾಕಿ, ನೆಲಕ್ಕೆ ತಾಗುವಷ್ಟು ಹತ್ತಿರದಿಂದ ಮೇಲೆದ್ದವರು. ಪದಕ ಸಿಕ್ಕಿತ್ತು. ಊರಿನ ದೊಡ್ಡ ರಸ್ತೆಗೆ ಅವರದೇ ಹೆಸರು.

ಸತ್ತ ಪೈಲಟ್ ಅವರ ಮಗ. ವಿಮಾನ ರಿಪೇರಿ ಮಾಡಿ, ‘ಹಾರಬಹುದು’ ಎಂದು ಸಹಿ ಹಾಕುತ್ತಿದ್ದ ಮೆಕ್ಯಾನಿಕ್ ಅವರ ಮಗಳು. ತಮ್ಮನಿಗೆ ಮಾತ್ರವಲ್ಲ, ವಿಮಾನ ನಿಲ್ಲಿಸುವ ಹ್ಯಾಂಗರಿನ ಎಲ್ಲರಿಗೂ ಅವಳು ಅಕ್ಕ.

ಇನ್‌ಸ್ಪೆಕ್ಟರ್ ಹೋದಾಗ ಅಕ್ಕ ಹ್ಯಾಂಗರಿನ ನೆಲದ ಮೇಲೆ ಕೂತಿದ್ದಳು. ಮುಂದೆ ಸಾಮಾನಿನ ಪೆಟ್ಟಿಗೆ. ಒಂದೊಂದೇ ಪಾನಾ ತೆಗೆದು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

“ಎಡರೆಕ್ಕೆ ಯಾವಾಗ ಬದಲಾಯಿಸಿದ್ದು?”

“ಹೋದ ತಿಂಗಳು. ಮೊದಲಿನದರಲ್ಲಿ ಬಿರುಕು ಕಾಣ್ತು. ನಾನೇ ಇಳಿಸಿಬಿಟ್ಟೆ. ಅಪ್ಪ ಗುಜರಿಯಿಂದ ಬೇರೆದು ತಂದ್ರು. ನಂಬರ್ ಓದಿ ವಾಯುಸೇನೆ ಉಗ್ರಾಣಕ್ಕೆ ಫೋನ್ ಮಾಡಿದೆ. ಪ್ರತಿ ರೆಕ್ಕೆಯ ದಾಖಲೆ ಅಲ್ಲೇ ಇರೋದು. ‘417 ಶುದ್ಧವಾಗಿದೆ, ಏನೂ ಪೆಟ್ಟು ತಿಂದಿಲ್ಲ’ ಅಂದ್ರು. ಕೂರಿಸಿದೆ.”

“ಪೆಟ್ಟು ತಿಂದಿದ್ರೆ?”

“ಹಾರೋಕೆ ಬಿಡ್ತಿರಲಿಲ್ಲ. ಕಡೇಪಕ್ಷ ಎಕ್ಸ್‌ರೇ ಹಿಡಿಸ್ತಿದ್ದೆ. ಒಳಗಿನ ತೊಲೆ ಬಿರಿದಿದ್ರೆ ಹೊರಗಿಂದ ಗೊತ್ತಾಗಲ್ಲ.”

“ಚಕ್ರದ ಗೂಡಿನ ಒಳಗೆ ಏನಾದ್ರೂ ನಂಬರ್ ಇತ್ತಾ?”

ಅಕ್ಕ ಅರ್ಥವಾಗದೆ ನೋಡಿದಳು. “ಅಲ್ಯಾಕಿರುತ್ತೆ? ನಂಬರ್ ಇರೋದು ಪಟ್ಟಿ ಮೇಲೆ.”

ಇನ್‌ಸ್ಪೆಕ್ಟರ್ ದನಿ ತಗ್ಗಿಸಿದಳು. “ಹಿಂದಿನ ದಿನ ತಮ್ಮನ ಜೊತೆ ಜಗಳ ಆಯ್ತಂತೆ.”

ಪಾನಾ ಒರೆಸುತ್ತಿದ್ದ ಕೈ ನಿಂತಿತು.

“ಆಯ್ತು. ನೀರು ಸುರಿಯೋಕೆ ಅಷ್ಟು ನೆಟ್ಟಗೆ ಇಳೀಬೇಡ, ಎದ್ದೇಳುವಾಗ ರೆಕ್ಕೆ ಮೇಲೆ ಭಾರ ಬೀಳುತ್ತೆ ಅಂದೆ. ‘ಅಪ್ಪ ಸೇತುವೆ ಹೊಡೆದದ್ದು ಹೀಗೇ’ ಅಂದ. ಯಾವಾಗ ನೋಡಿದ್ರೂ ಅಪ್ಪ, ಸೇತುವೆ. ನನಗೂ ತಲೆ ಕೆಟ್ಟಿತ್ತು. ಹಾಗಾದ್ರೆ ಬಿದ್ದು ಸಾಯಿ ಅಂದೆ.” ಪಾನಾ ಪೆಟ್ಟಿಗೆಗೆ ಹಾಕಿದಳು. “ಎಲ್ರಿಗೂ ಕೇಳಿಸ್ತು. ನಿಮಗೂ ಅವ್ರೇ ಹೇಳಿರ್ಬೇಕು.”

ಆಫೀಸಿನ ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದರು. ವಯಸ್ಸಾದರೂ ಬೆನ್ನು ಬಾಗಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ.

“ನೋಡಮ್ಮ, ವಿಮಾನ ಒಪ್ಪೋದು ಅವಳ ಕೆಲಸ. ಅವಳು ಸಹಿ ಹಾಕಿದ ಮೇಲೇ ಹುಡುಗ ಹತ್ತಿದ್ದು. ಮಗಳು ಅಂತ ನಾನು ಅಡ್ಡ ಬರಲ್ಲ. ಕಾನೂನು ಏನು ಹೇಳುತ್ತೋ ಅದು ಮಾಡಿ.”

ಅಕ್ಕ ತಲೆ ಎತ್ತಲಿಲ್ಲ.

ಜೀಪಿಗೆ ಬರುತ್ತ ದಫೇದಾರ ಉಸಿರೆಳೆದ. “ಎಂಥ ಮನುಷ್ಯ ಮೇಡಂ! ಹೆತ್ತ ಮಗಳಾದ್ರೂ ಬಿಡಲ್ಲ ಅಂದ್ರಲ್ಲ.”

“ಹೌದು,” ಎಂದಳು ಇನ್‌ಸ್ಪೆಕ್ಟರ್. “ನಾವು ಕೇಳೋಕೆ ಮುಂಚೆನೇ ಅಂದ್ರು.”

* * *

ಗುಜರಿಯ ಅಂಗಳ ಊರಾಚೆ. ಬಾಲವಿಲ್ಲದ ವಿಮಾನಗಳು, ವಿಮಾನವಿಲ್ಲದ ಬಾಲಗಳು. ಗಾಜು ಒಡೆದ ಒಂದು ಪೈಲಟ್ ಗೂಡಿನಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಗುಜರಿ ಸಾಹುಕಾರ ಎರಡು ಕುರ್ಚಿ ತರಿಸಿದ. ಎರಡೂ ವಿಮಾನದಿಂದ ಕಿತ್ತವು.

“ಯುದ್ಧ ಮಾಡಿದೋರಿಗೆ ಪದಕ, ನನಗೆ ತುಕ್ಕು,” ಎಂದು ನಕ್ಕ. ಪೊಲೀಸರು ನಗಲಿಲ್ಲ. ಅವನೂ ನಿಲ್ಲಿಸಿದ.

“ಕ್ಯಾಪ್ಟನ್‌ಗೆ ರೆಕ್ಕೆ ಮಾರಿದ್ದು ನೀನಾ?”

“ಹೌದು ಮೇಡಂ. ಎಡರೆಕ್ಕೆ ನನ್ನ ಹತ್ರ ಇದ್ದಿದ್ದೇ ಎರಡು. ಎರಡೂ ಒಂದೇ ತುಕಡಿಯಿಂದ ಬಂದ ಮಾಲು. ಒಂದು ಬಿಳಿ ಬೂಷ್ಟಿನಂಥ ತುಕ್ಕು ಹಿಡಿದು ಹಾಳಾಗಿತ್ತು. ಇನ್ನೊಂದು ನೋಡೋಕೆ ಚೆನ್ನಾಗಿತ್ತು. ಅದನ್ನ ಕೊಟ್ಟೆ.”

ಹಾಳಾದ ರೆಕ್ಕೆ ಗೋಡೆಗೆ ಒರಗಿತ್ತು. ತೂತು ಬಿದ್ದು ಜರಡಿಯಾಗಿತ್ತು. ಬುಡದಲ್ಲಿ ನಂಬರಿನ ಪಟ್ಟಿ ಇರಲಿಲ್ಲ. ನಾಲ್ಕು ತೂತು ಮಾತ್ರ ಇದ್ದವು, ತೂತಿನ ಅಂಚು ಹೊಸದಾಗಿ ಹೊಳೆಯುತ್ತಿತ್ತು.

ದಫೇದಾರ ಸಾಹುಕಾರನ ಹೆಗಲ ಮೇಲೆ ಕೈ ಹಾಕಿದ. ಸ್ನೇಹದ ಕೈ ಅಲ್ಲ. “ಇದರ ಪಟ್ಟಿ ಕಿತ್ತು ಅದಕ್ಕೆ ಹೊಡೆದು ಮಾರಿದೀಯ. ಒಂದು ಜೀವ ಹೋಗಿದೆ, ಗೊತ್ತಾ?”

“ಅಯ್ಯೋ, ನನ್ನ ಮಕ್ಕಳಾಣೆಗೂ ಇಲ್ಲ ಸ್ವಾಮಿ! ಹ್ಯಾಂಗರಿನೋರು ಬರ್ತಾರೆ, ಬೇಕಾದ ನಟ್ಟು ಬೋಲ್ಟು ಕಿತ್ಕೊಂಡು ಹೋಗ್ತಾರೆ. ನಾನು ಹಿಂದೆ ಹಿಂದೆ ತಿರುಗ್ತೀನಾ? ಇಗೋ, ಮಾರೋಕೆ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದಿದ್ದೆ.”

ಅವನ ಫೋನಿನಲ್ಲಿ ಚಿತ್ರಗಳಿದ್ದವು. ಬುಡದ ಪಟ್ಟಿಯ ಮೇಲೆ ಬೆಳಕು ಬಿದ್ದು ಅಂಕಿ ಕಾಣುತ್ತಿರಲಿಲ್ಲ. ಚಕ್ರದ ಗೂಡಿನ ಚಿತ್ರ ಮಾತ್ರ ಸ್ಪಷ್ಟವಾಗಿತ್ತು. ಒಳಗೋಡೆಯೆಲ್ಲ ಒಂದೇ ಸಮ ಬೂದು ಬಣ್ಣ. ಗುರುತಿಲ್ಲ, ಅಂಕಿಯಿಲ್ಲ. ಉಜ್ಜಿದ ಜಾಗವೂ ಇಲ್ಲ.

ಇನ್‌ಸ್ಪೆಕ್ಟರ್ ಆ ಚಿತ್ರವನ್ನೇ ದಿಟ್ಟಿಸಿದಳು. ಆಮೇಲೆ ಎದ್ದು ಹೋಗಿ ಹಾಳು ರೆಕ್ಕೆಯ ಗೂಡಿಗೆ ತಲೆ ಹಾಕಿದಳು.

“ಒಂದು ಚಾಕು ಕೊಡಿ.”

ಅದೇ ಜಾಗದಲ್ಲಿ ಕೆರೆದಳು. ಬೂದು ಹೋಯಿತು. ಹಸಿರು ಬಂತು. ಹಸಿರಿನ ಕೆಳಗೆ ಮತ್ತೆ ಬೂದು. ಎಲ್ಲಕ್ಕಿಂತ ಕೆಳಗೆ, ಲೋಹಕ್ಕೆ ಕೈಯಿಂದ ಗುದ್ದಿದ ಮೂರು ಸೊಟ್ಟ ಅಂಕಿ. 417.

ಸಾಹುಕಾರ ಬಾಯಿಗೆ ಕೈ ಇಟ್ಟ. “ಅರೆ! ಇಷ್ಟು ವರ್ಷದಿಂದ ನನ್ನ ಅಂಗಳದಲ್ಲೇ ಇದೆ. ನನಗೇ ಗೊತ್ತಿರಲಿಲ್ವಲ್ಲ!”

“ಗೊತ್ತಿರೋಕೆ ಸಾಧ್ಯ ಇಲ್ಲ,” ಎಂದಳು ಇನ್‌ಸ್ಪೆಕ್ಟರ್. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

* * *

ರಾಜಧಾನಿಯ ತಜ್ಞರು ಬಂದು ರೆಕ್ಕೆ ನೋಡಿದರು. ಒಳಗಿನ ತೊಲೆಯಲ್ಲಿ ಹಳೆಯ ಬಿರುಕಿತ್ತು. ಯಾವುದೋ ಕಾಲದಲ್ಲಿ ತಡೆಯಲಾರದಷ್ಟು ಭಾರ ಬಿದ್ದು ತೊಲೆ ಬಾಗಿದೆ ಎಂದರು. ಉಜ್ಜಿದ ಜಾಗಕ್ಕೆ ಪ್ರಯೋಗಾಲಯದವರು ಮದ್ದು ಹಚ್ಚಿದರು. ಗುದ್ದಿದ ಕಡೆ ಲೋಹ ಆಳದವರೆಗೆ ನಲುಗಿರುತ್ತದೆ, ಮೇಲೆಷ್ಟು ಉಜ್ಜಿದರೂ ಒಳಗಿನ ನಲುಗು ಹೋಗುವುದಿಲ್ಲ. ಕದ್ದ ಗಾಡಿಗಳಲ್ಲಿ ಇನ್‌ಸ್ಪೆಕ್ಟರ್ ಇದನ್ನು ಎಷ್ಟೋ ಸಲ ಕಂಡಿದ್ದಳು. ಇಲ್ಲೂ ಮಂಕು ಮಂಕಾಗಿ ಮೂರು ಅಂಕಿ ಎದ್ದು ಬಂದವು. 392.

ಅವಳು ವಾಯುಸೇನೆಯ ಉಗ್ರಾಣಕ್ಕೆ ಫೋನ್ ಮಾಡಿದಳು.

“392?” ಅತ್ತಲಿನ ದನಿ ತಡೆಯಿತು. “ಅದು ಹಾರೋ ರೆಕ್ಕೆ ಅಲ್ಲ, ಮೇಡಂ. ಯುದ್ಧದಲ್ಲಿ ಬಾಗಿದ್ದು. ಪ್ರದರ್ಶನಕ್ಕಿಡಬಹುದು ಅಷ್ಟೇ. ನಿಮಗೆಲ್ಲಿ ಸಿಕ್ತು?”

“ಹೇಗೆ ಬಾಗ್ತು? ಎಲ್ಲಿ?”

ದನಿ ಹೇಳುತ್ತ ಹೋಯಿತು. ಅವಳು ಬರೆದುಕೊಳ್ಳಲಿಲ್ಲ, ಸುಮ್ಮನೆ ಕೇಳಿಸಿಕೊಂಡಳು.

ಫೋನ್ ಇಡುತ್ತಿದ್ದಂತೆ ಮೇಲಧಿಕಾರಿ ಕರೆದರು. “ಏನಮ್ಮ, ಗಾಡಿ ಕಳ್ಳರನ್ನ ಹಿಡಿದ ಹಾಗೆ ಎಳೀತಾ ಇದೀಯ? ಊರೆಲ್ಲ ಸಿಟ್ಟಾಗಿದೆ. ಸಹಿ ಹಾಕಿದ್ದು ಅವಳು. ಬಿದ್ದು ಸಾಯಿ ಅಂದಿದ್ದೂ ಅವಳೇ. ಇವತ್ತೇ ಕರ್ಕೊಂಡು ಬಾ.”

“ಇವತ್ತೇ ಕರ್ಕೊಂಡು ಬರ್ತೀನಿ ಸರ್,” ಎಂದಳು ಅವಳು. ಯಾರನ್ನು ಎಂದು ಹೇಳಲಿಲ್ಲ.

* * *

ಆಫೀಸಿನಲ್ಲಿ ತಂದೆ ಮಗಳು ಇಬ್ಬರೇ ಇದ್ದರು. ದಫೇದಾರ ಬಾಗಿಲಿಗೆ ಒರಗಿ ನಿಂತ. ಅಕ್ಕ ಪೊಲೀಸರನ್ನು ನೋಡಿದ್ದೇ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

“ಬಟ್ಟೆ ಏನಾದ್ರೂ ತಗೋಬೇಕಾ?” ಎಂದು ಕೇಳಿದಳು.

“ನೀವು ಕೂತ್ಕೊಳ್ಳಿ,” ಎಂದಳು ಇನ್‌ಸ್ಪೆಕ್ಟರ್. ಆಮೇಲೆ ತಿರುಗಿದಳು. “ಕ್ಯಾಪ್ಟನ್, 392 ನೆನಪಿದೆಯಾ?”

ಕ್ಯಾಪ್ಟನ್ ಕಿಟಕಿಯ ಕಡೆ ನೋಡಿದರು. “ಎಷ್ಟೋ ನಂಬರ್ ಹಾರಿಸಿದೀನಿ.”

“ಬಿದ್ದ ರೆಕ್ಕೆಯ ಪಟ್ಟಿ ಮೇಲೆ 417 ಇತ್ತು. ಆದರೆ ನಿಜವಾದ 417 ಇನ್ನೂ ಗುಜರಿ ಗೋಡೆಗೆ ಒರಗಿದೆ, ಪಟ್ಟಿ ಕಳ್ಕೊಂಡು. ಒಳ್ಳೇ ಚರಿತ್ರೆಯ ಹಾಳು ರೆಕ್ಕೆಯ ಹೆಸರನ್ನ, ಕೆಟ್ಟ ಚರಿತ್ರೆಯ ಅಂದದ ರೆಕ್ಕೆಗೆ ಅಂಟಿಸಿದಾರೆ. ಕದ್ದ ಕಾರಿಗೆ ಗುಜರಿ ಕಾರಿನ ನಂಬರ್ ಹಾಕೋದು ಹೀಗೇ.”

“ಗುಜರಿಯವನು ಕಳ್ಳ. ಊರಿಗೆಲ್ಲ ಗೊತ್ತು.”

“ಕಳ್ಳ ಇರಬಹುದು. ಆದರೆ ಚಕ್ರದ ಗೂಡಿನ ಒಳಗೆ ಇನ್ನೊಂದು ನಂಬರ್ ಇತ್ತು. ಅದನ್ನ ಉಜ್ಜಿ ಹೊಸ ಬಣ್ಣ ಹೊಡೆದಿದ್ರು. ಆ ಬಣ್ಣ ನಿಮ್ಮ ಹ್ಯಾಂಗರಿನ ಡಬ್ಬಿದು, ಪ್ರಯೋಗಾಲಯದವರು ತಾಳೆ ನೋಡಿದಾರೆ. ಗುಜರಿಯವನು ತನ್ನ ಗೇಟಿಗೇ ಬಣ್ಣ ಹೊಡೆಸಿಲ್ಲ, ರೆಕ್ಕೆಗೆ ಹೊಡೀತಾನಾ? ಹೋಗ್ಲಿ, ಅದಲ್ಲ ಮುಖ್ಯ. ಮಾರೋ ದಿನ ಅವನು ಫೋಟೋ ತೆಗೆದಿದಾನೆ. ಅದರಲ್ಲಿ ಆ ನಂಬರ್ ಕಾಣ್ತಾನೇ ಇಲ್ಲ. ಪದರ ಪದರ ಬಣ್ಣದ ಕೆಳಗೆ ಹೂತುಹೋಗಿತ್ತು.”

ಅವಳು ಮೇಜಿನ ಮೇಲೆ ಗುಜರಿಯವನು ತೆಗೆದ ಚಿತ್ರ, ಉಜ್ಜಿದ ಜಾಗದ ಚಿತ್ರ ಎರಡನ್ನೂ ಇಟ್ಟಳು.

“ಕಣ್ಣಿಗೆ ಕಾಣದೇ ಇರೋದನ್ನ ಯಾರು ಉಜ್ಜಿ ಅಳಿಸ್ತಾರೆ? ಅದು ಅಲ್ಲಿದೆ ಅಂತ ಮೊದಲೇ ಗೊತ್ತಿದ್ದವರು. ಬಣ್ಣ ಬೀಳೋಕೆ ಮುಂಚೆ ನೋಡಿದ್ದವರು. ಯುದ್ಧದ ಕಾಲದಲ್ಲಿ ಅವಸರಕ್ಕೆ ಒಂದರ ರೆಕ್ಕೆ ಇನ್ನೊಂದಕ್ಕೆ ಹಾಕ್ತಿದ್ರಂತೆ. ಅದಲು ಬದಲು ಆಗದೇ ಇರ್ಲಿ ಅಂತ ಒಂದೇ ಒಂದು ತುಕಡಿಯಲ್ಲಿ ಗೂಡಿನೊಳಗೆ ನಂಬರ್ ಗುದ್ದುತ್ತಿದ್ರಂತೆ. ಅದು ನಿಮ್ಮ ತುಕಡಿ.”

ಕ್ಯಾಪ್ಟನ್ ಚಿತ್ರಗಳನ್ನು ಬೋರಲು ಹಾಕಿದರು.

“ಇನ್ನು ನಿಮ್ಮ ಮಗಳು. ಆ ಸುಳ್ಳು ಪಟ್ಟಿ ಯಾರನ್ನ ನಂಬಿಸೋಕೆ? ನಂಬರ್ ಓದಿ ಉಗ್ರಾಣಕ್ಕೆ ಫೋನ್ ಮಾಡೋದು ಇಲ್ಲಿ ಒಬ್ಬಳೇ. ಹೊಸದಾಗಿ ಬಂದ ಯಾವ ಭಾಗವನ್ನಾದ್ರೂ ಬಣ್ಣ ಕೆರೆದು ಲೋಹ ನೋಡೋ ಅಭ್ಯಾಸ ಇರೋದೂ ಅವಳಿಗೇ. ‘ಅಕ್ಕ ಬಾಳೆಹಣ್ಣನ್ನೂ ಎರಡು ಸಲ ಸುಲೀತಾಳೆ’ ಅಂತ ಹ್ಯಾಂಗರಿನ ಹುಡುಗರು ನಗ್ತಾರೆ. ಅವಳು ಸುಲಿದ್ರೆ ನಂಬರ್ ಹೊರಗೆ ಬರುತ್ತೆ ಅಂತ ಹೆದರಿ ಉಜ್ಜಿದ್ರಿ. ಈ ಮೋಸ ಮಾಡಿದ್ದೇ ಅವಳ ಕಣ್ಣಿಗೆ. ಮೋಸ ಹೋದವಳನ್ನೇ ನನ್ನ ಕೈಗೆ ಕೊಟ್ರಿ.”

ಅಕ್ಕ ನಿಧಾನವಾಗಿ ಹೇಳಿದಳು. “ನಾನು ಅದನ್ನ ಸುಲೀಲಿಲ್ಲ ಮೇಡಂ. ಬೇರೆ ಯಾರು ತಂದಿದ್ರೂ ಸುಲೀತಿದ್ದೆ. ಅಪ್ಪ ತಂದಿದ್ದು ಅಂತ ಬಿಟ್ಟೆ.”



“ಹಾಗಾದ್ರೆ ಉಜ್ಜಿದ್ದೂ ದಂಡ,” ಎಂದಳು ಇನ್‌ಸ್ಪೆಕ್ಟರ್. “ಉಜ್ಜದೇ ಬಿಟ್ಟಿದ್ರೆ ನಾವೂ ಆ ಕಡೆ ನೋಡ್ತಿರಲಿಲ್ಲ, ಕ್ಯಾಪ್ಟನ್.”

ಕ್ಯಾಪ್ಟನ್ ಕುರ್ಚಿಯಲ್ಲಿ ಕೂತರು. ಆಗ ಮೊದಲ ಸಲ ಅವರ ಬೆನ್ನು ಬಾಗಿತು.

“ಕಾಡು ಉರೀತಾ ಇತ್ತು. ಬೇರೆ ರೆಕ್ಕೆ ಎಲ್ಲೂ ಸಿಗಲಿಲ್ಲ. ಅದೇ ರೆಕ್ಕೆ ಮೇಲೆ ನಾನು ಬದುಕಿ ಬಂದಿದ್ದೆ. ಅಪ್ಪನ್ನ ಮನೆಗೆ ತಂದ ರೆಕ್ಕೆ ಮಗನ್ನ ತರಲ್ವಾ ಅಂದ್ಕೊಂಡೆ.”

“ಮಗಳಿಗೆ ನಿಜವಾದ ನಂಬರ್ ಹೇಳಿ, ಎಕ್ಸ್‌ರೇ ಹಿಡಿಸಬಹುದಿತ್ತು.”

“ಹಿಡಿಸಬಹುದಿತ್ತು.”

“ಹೇಳಿದ್ರೆ ಅವಳು ಉಗ್ರಾಣಕ್ಕೆ ಫೋನ್ ಮಾಡ್ತಿದ್ಲು. ರೆಕ್ಕೆ ಎಲ್ಲಿ ಬಾಗಿದ್ದು ಅಂತ ಅವರು ಹೇಳ್ತಿದ್ರು. ನನಗೆ ಹೇಳಿದ ಹಾಗೆ.”

ಕ್ಯಾಪ್ಟನ್ ಕಣ್ಣು ಮುಚ್ಚಿದರು.

“ಸೇತುವೆ ಹತ್ರ ಬಾಗಿದ್ದಲ್ವಾ ಅಪ್ಪ?” ಅಕ್ಕನ ದನಿ.

“ಸೇತುವೆ ಹಿಂದಿನ ದಿನವೇ ಬಿದ್ದಿತ್ತು. ಬೇರೆಯವರು ಕೆಡವಿದ್ರು. ನಾನು ಹೋದಾಗ ಹೊಡೆಯೋಕೆ ಏನೂ ಉಳಿದಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಲಾರಿಗಳು ಹೋಗ್ತಿದ್ವು. ಸೈನ್ಯದ್ದಲ್ಲ. ಹಾಸಿಗೆ, ಪಾತ್ರೆ, ಜನ... ಊರು ಬಿಟ್ಟು ಓಡ್ತಿದ್ರು. ಬಾಂಬ್ ವಾಪಸ್ ತರೋಕೆ ಮನಸ್ಸಾಗಲಿಲ್ಲ. ಇಳಿದೆ. ಇಳಿದ ಮೇಲೆ ಮುಖಗಳು ಕಂಡ್ವು. ಕಂಡಿದ್ದಕ್ಕೇ ವಿಮಾನ ಹಾಗೆ ಜಗ್ಗಿ ಎಬ್ಬಿಸಿದ್ದು. ಅಷ್ಟೊತ್ತಿಗೆ ಬಾಂಬ್ ಬಿಟ್ಟಾಗಿತ್ತು. ರೆಕ್ಕೆ ಬಾಗಿದ್ದು ಆಗ. ಮೇಲಿನವರು ಸೇತುವೆ ಅಂತ ಘೋಷಣೆ ಮಾಡಿದ್ರು. ಅವರಿಗೂ ಅದೇ ಬೇಕಿತ್ತು.”

ಅವರು ಮಗಳ ಕಡೆ ತಿರುಗಿದರು. “ನಿನ್ನ ತಮ್ಮ ಆ ಕಥೆ ಕೇಳ್ಕೊಂಡೇ ಪೈಲಟ್ ಆದೋನು. ಅವನಿಗೆ ಇದು ಗೊತ್ತಾಗೋದಕ್ಕಿಂತ... ರೆಕ್ಕೆ ತಡೆಯುತ್ತೆ ಅಂತ ನಂಬೋದು ಸುಲಭ ಆಯ್ತು.”

ಅಕ್ಕ ಅವರ ಎದುರು ಬಂದು ನಿಂತಳು.

“ಎಷ್ಟು ಜನ ಇದ್ರು ಅಪ್ಪ, ಆ ಲಾರಿಗಳಲ್ಲಿ?”

“ಮೇಲಿಂದ ಎಣಿಸೋಕಾಗಲ್ಲ, ಮಗಳೇ.”

“ನಾನು ಕೆಳಗೆ ನಿಂತಿದ್ದೆ,” ಎಂದಳು ಅಕ್ಕ. “ಒಬ್ನೇ ಇದ್ದ. ನಂಗೆ ಎಣಿಸೋಕಾಯ್ತು.”

ಕ್ಯಾಪ್ಟನ್ ಇನ್‌ಸ್ಪೆಕ್ಟರ್ ಕಡೆ ತಿರುಗಿದರು.

“ನೋಡಮ್ಮ. ಹುಡುಗನ ವಿಷಯ ಏನು ಬೇಕಾದ್ರೂ ಬರ್ಕೋ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಲಾರಿ ವಿಷಯ ಬರೀಲೇಬೇಕಾ?”

ಬಾಗಿಲಲ್ಲಿ ನಿಂತಿದ್ದ ದಫೇದಾರ ನೆಲ ನೋಡಿದ.

“ಮೊದಲು ಅದನ್ನೇ ಬರೀತೀನಿ,” ಎಂದಳು ಇನ್‌ಸ್ಪೆಕ್ಟರ್. “ಏಳಿ.”

* * *

ಅವಳು ಬರೆದಳು. ಉಪಯೋಗವಾಗಲಿಲ್ಲ.

ಮೊಕದ್ದಮೆಯಲ್ಲಿ ಕ್ಯಾಪ್ಟನ್ ತಪ್ಪೊಪ್ಪಿಕೊಂಡರು. ಪಟ್ಟಿ ಬದಲಿಸಿದ್ದು, ನಂಬರು ಉಜ್ಜಿದ್ದು, ಮಗನ ಸಾವಿಗೆ ಕಾರಣವಾದದ್ದು, ಎಲ್ಲಕ್ಕೂ ಹೌದು ಎಂದರು. ವಯಸ್ಸು ನೋಡಿ ಶಿಕ್ಷೆ ಕಡಿಮೆಯಾಯಿತು. ಲಾರಿಗಳ ಭಾಗ ಈ ಅಪರಾಧಕ್ಕೆ ಸಂಬಂಧಪಟ್ಟದ್ದಲ್ಲ ಎಂದು ಅವರ ವಕೀಲರು ವಾದಿಸಿದರು. ನ್ಯಾಯಾಧೀಶರು ಒಪ್ಪಿ, ಅಷ್ಟನ್ನು ಕಡತದಿಂದ ತೆಗೆಸಿದರು. ಪತ್ರಿಕೆಗಳು ‘ಪುತ್ರಶೋಕದಲ್ಲಿ ಕುಸಿದ ವೀರ’ ಎಂದು ಬರೆದವು.

ತೀರ್ಪಿನ ದಿನ ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ತಂದೆಯನ್ನು ಹೊರಗೆ ಕರೆತಂದಾಗ ಎದ್ದು ಹತ್ತಿರ ಹೋಗಲಿಲ್ಲ. ಜನವೆಲ್ಲ ಕರಗಿದ ಮೇಲೆ ಮೆಟ್ಟಿಲ ಬಳಿ ಇನ್‌ಸ್ಪೆಕ್ಟರನ್ನು ತಡೆದಳು.

“ಆ ರಸ್ತೆ ಎಲ್ಲಿದೆ ಮೇಡಂ? ಉಗ್ರಾಣದೋರು ಹೇಳಿದ್ರಲ್ಲ ನಿಮಗೆ.”

“ಗಡಿ ಆಚೆ. ಈಗ ಅಲ್ಲಿ ಯಾರಿದಾರೋ ಗೊತ್ತಿಲ್ಲ.”

“ಯಾರಾದ್ರೂ ಇರ್ತಾರೆ,” ಎಂದಳು ಅಕ್ಕ. “ಊರಿನ ಹೆಸರು ಹೇಳಿ.”

ಇನ್‌ಸ್ಪೆಕ್ಟರ್ ಹೇಳಿದಳು. ಅಕ್ಕ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ಆಮೇಲೆ ಬಸ್ ನಿಲ್ದಾಣದ ಕಡೆ ನಡೆದಳು.